ತವರಿನ ಟ್ರಂಕಿನಲ್ಲಿ ಉಳಿದ ಚೀಟಿ

ನಮ್ಮ ಮಡಕಶಿರಾ ಕಡೆಯವರು ಹೆಣ್ಣು ಕೊಡೋದು ತರೋದು ಪಾವಗಡ, ಶಿರಾ ಸೀಮೆಯವರ ಜೊತೆಗೇ. ನಡುವೆ ರಾಜ್ಯದ ಗಡಿ ಇದೆಯೆಂಬುದು ಬಸ್ಸಿನ ಬೋರ್ಡು ನೋಡಿದಾಗಲಷ್ಟೇ ನೆನಪು. ನನ್ನ ತಂಗಿಯನ್ನೂ ಶಿರಾ ತಾಲ್ಲೂಕಿಗೆ ಕೊಟ್ಟೆವು. 1996ರಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಎಂಟು ತಿಂಗಳು ತುಂಬುವಾಗ ಕಾಲು ಊದಿ ಚಪ್ಪಲಿ ಹಿಡಿಯದಾಯಿತು, ಮುಖವೂ ಊದಿತು.

"ಬಸುರೀಲಿ ಊದೋದು ಇದ್ದದ್ದೇ ಬಿಡು" ಅಂದಳು ಅವ್ವ. ತಲೆನೋವು, ಕಣ್ಣು ಮಂಜು ಅಂತ ತಂಗಿ ಹೇಳಿದ್ದನ್ನೂ ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೇ ದಿನ ಬೆಳಗಿನ ಜಾವ ಫಿಟ್ಸ್ ಬಂತು. ಟೆಂಪೋದಲ್ಲಿದ್ದ ಕಡ್ಲೆಕಾಯಿ ಮೂಟೆ ಇಳಿಸಿ, ಅದರಲ್ಲೇ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು.

ತಾಯಿ ಮಗು ಇಬ್ಬರೂ ಉಳಿದರು. ಬಿಪಿ ಇಳಿಯಿತು, ಚೀಟಿ ಕೊಟ್ಟು ಕಳಿಸಿದರು. ಐದು ತಿಂಗಳ ಬಾಣಂತನ ಮುಗಿಸಿ ಅವಳು ಗಂಡನ ಮನೆಗೆ ಹೋದಳು. ಚೀಟಿ ಮಾತ್ರ ಜಮೀನಿನ ಪಾಸ್‌ಬುಕ್ಕಿನ ಜೊತೆ ನಮ್ಮ ಟ್ರಂಕಿನಲ್ಲೇ ಉಳಿಯಿತು.

ತೆಲುಗಿನಲ್ಲಿ ಈ ಫಿಟ್ಸಿಗೆ 'ಗುರ್ರಪುವಾತಂ' ಅಂತಾರೆ. ನಮ್ಮ ಮನೆಯ ಮುದುಕಿಯರು 'ಬಸುರಿ ನಂಜು' ಅನ್ನುತ್ತಿದ್ದರು. ಎರಡು ಭಾಷೆಯಲ್ಲಿ ಪದ್ಯ ಕಟ್ಟುವ ನನಗೆ ಎರಡು ಹೆಸರೂ ಗೊತ್ತಿದ್ದವು. ಅದು ಎಷ್ಟೋ ವರ್ಷದ ಮೇಲೆ ಕಿಡ್ನಿಯಲ್ಲಿ ತಲೆ ಎತ್ತಬಹುದು ಅನ್ನೋದು ಮಾತ್ರ ಗೊತ್ತಿರಲಿಲ್ಲ.

2021ರಲ್ಲಿ ತಂಗಿಗೆ ಸುಸ್ತು, ಬೆಳಗ್ಗೆ ಎದ್ದರೆ ಕಣ್ಣಿನ ಸುತ್ತ ಊತ. ತುಮಕೂರಿನಲ್ಲಿ ತೋರಿಸಿದೆವು. ಬಿಪಿ 180/110. ಹೆಂಗಸರಿಗೆ 1ರ ಆಸುಪಾಸಿನಲ್ಲಿರಬೇಕಾದ ಕ್ರಿಯಾಟಿನಿನ್ 3.2. ಡಾಕ್ಟರು ಮೊದಲು ಕೇಳಿದ್ದು, "ಚೊಚ್ಚಲ ಹೆರಿಗೇಲಿ ಬಿಪಿ ಇತ್ತೇನಮ್ಮ?" ಅವಳು ನನ್ನ ಮುಖ ನೋಡಿದಳು. ಊರಿಗೆ ಬಂದು ಟ್ರಂಕು ಕೆದಕಿದೆ. ಬಿಪಿ 170/120, ಮೂತ್ರದಲ್ಲಿ ಅಲ್ಬುಮಿನ್ ಮೂರು ಪ್ಲಸ್. ಇಪ್ಪತ್ತೈದು ವರ್ಷ ಅದನ್ನು ಯಾರೂ ಬಿಚ್ಚಿ ನೋಡಿರಲಿಲ್ಲ.

ಡಾಕ್ಟರು ಬಿಡಿಸಿ ಹೇಳಿದರು. ಕಿಡ್ನಿ ನಮ್ಮ ಡ್ರಿಪ್ಪಿನ ಫಿಲ್ಟರ್ ಇದ್ದ ಹಾಗೆ. ಬಸುರಿಗೆ ಐದು ತಿಂಗಳು ಕಳೆದ ಮೇಲೆ ಬಿಪಿ 140/90 ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಸೋರತೊಡಗಿದರೆ ಆ ಜರಡಿಗೆ ಪೆಟ್ಟು ಬಿದ್ದಿದೆ. ಹೆಚ್ಚಿನವರಿಗೆ ಹೆರಿಗೆಯಾದ ಮೂರು ತಿಂಗಳೊಳಗೆ ಸರಿಹೋಗುತ್ತದೆ. ಕೆಲವರಿಗೆ ಗಾಯ ಉಳಿಯುತ್ತದೆ. ಇನ್ನು ಕೆಲವರಲ್ಲಿ ಮೊದಲೇ ಇದ್ದ ಕಿಡ್ನಿ ದೋಷ ಬಸುರಿನಲ್ಲಿ ಬಯಲಾಗಿರುತ್ತದೆ. ಯಾವುದೇ ಆಗಲಿ, ಅಂಥವರು ವರ್ಷಕ್ಕೊಮ್ಮೆ ಬಿಪಿ, ಮೂತ್ರ, ಕ್ರಿಯಾಟಿನಿನ್ ನೋಡಿಸಬೇಕಿತ್ತು. ತಂಗಿ ನೋಡಿಸಲಿಲ್ಲ, ನೋಡಿಸಬೇಕೆಂದು ಅವಳಿಗೆ ಹೇಳಿದವರೂ ಇರಲಿಲ್ಲ. ಸಾಲದ್ದಕ್ಕೆ ಕಳೆ ಕಿತ್ತು ಸೊಂಟ ಹಿಡಿದಾಗಲೆಲ್ಲ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದ್ದಳು. ಅದೂ ಕಿಡ್ನಿಗೆ ಆಗದು.

ನಾರ್ವೆ ದೇಶದಲ್ಲಿ ಸುಮಾರು 5.7 ಲಕ್ಷ ತಾಯಂದಿರ ಹೆರಿಗೆ ದಾಖಲೆಯನ್ನು ಕಿಡ್ನಿ ದಾಖಲೆಯ ಜೊತೆ ತಾಳೆ ನೋಡಿ 2008ರಲ್ಲಿ ಪ್ರಕಟಿಸಿದ್ದಾರೆ. ಚೊಚ್ಚಲಿನಲ್ಲಿ ಈ ಕಾಯಿಲೆ ಬಂದವರಿಗೆ ಮುಂದೆ ಕಿಡ್ನಿ ಪೂರ್ತಿ ಸೋಲುವ ಸಂಭವ ಉಳಿದವರಿಗಿಂತ 4.7 ಪಟ್ಟು. ಗಾಬರಿ ಬೇಡ, ಅಷ್ಟೂ ಜನರಲ್ಲಿ ಆ ಹಂತ ಮುಟ್ಟಿದವರು 477 ಮಂದಿ. ಅಲ್ಲಿ ಎರಡು ದಾಖಲೆಯೂ ಒಂದಕ್ಕೊಂದು ಸಿಕ್ಕವು. ನಮ್ಮಲ್ಲಿ ಹೆರಿಗೆ ಆಂಧ್ರದಲ್ಲಿ, ಬಾಳುವೆ ಕರ್ನಾಟಕದಲ್ಲಿ. ಚೀಟಿ ತಾನಾಗಿ ಬಸ್ಸು ಹತ್ತುವುದಿಲ್ಲ.

ತಂಗಿ ಡಯಾಲಿಸಿಸ್‌ವರೆಗೆ ಹೋಗಿಲ್ಲ. ಉಪ್ಪು ಕಮ್ಮಿ, ಬಿಪಿ ಮಾತ್ರೆ ತಪ್ಪಿಸೋ ಹಾಗಿಲ್ಲ. ಆವತ್ತು ಟೆಂಪೋದಲ್ಲಿ ಹೊಟ್ಟೆಯೊಳಗಿದ್ದ ಅವಳ ಮಗಳು ಈಗ ತಾನೇ ಬಸುರಿ. ತಾಯಿಗೆ ಬಂದಿದ್ದರೆ ಮಗಳಿಗೂ ಬರುವ ಸಂಭವ ಹೆಚ್ಚಂತೆ. ಮೂರನೇ ತಿಂಗಳಲ್ಲೇ ಚೀಟಿ ಹಿಡಿದುಕೊಂಡು ಹೋದೆ. "ಮಾವ, ಇದು ನಾನು ಹುಟ್ಟಿದ ಚೀಟಿನಾ?" ಅಂತ ತಿರುಗಿಸಿ ತಿರುಗಿಸಿ ನೋಡಿದಳು. ಡಾಕ್ಟರಮ್ಮ ಓದಿ, ಕಡಿಮೆ ಪ್ರಮಾಣದ ಆಸ್ಪಿರಿನ್ ಬರೆದರು. ಅದು ಅವರು ಹೇಳದೆ ತಗೊಳ್ಳೋ ಮಾತ್ರೆ ಅಲ್ಲ. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇದೆ, ತಪ್ಪದೆ ಹೋಗುತ್ತಾಳೆ. ಹೋದ 9ಕ್ಕೆ ಬಿಪಿ 118/76, ಅಲ್ಬುಮಿನ್ ಇಲ್ಲ.

ಮೂಲ ಚೀಟಿ ತಂಗಿಯ ಹತ್ತಿರ ಇದೆ. ಮಗಳ ತಾಯಿ ಕಾರ್ಡಿನೊಳಗೆ ಒಂದು ಜೆರಾಕ್ಸ್, ನಮ್ಮ ಟ್ರಂಕಿನಲ್ಲಿ ಇನ್ನೊಂದು.