ಒಂಬತ್ತು ದಿನ ಹೂವು, ಆಮೇಲೆ ಕದಿರು

ಆಗಸ್ಟ್ 30 ಬಂತೆಂದರೆ ಮಂಗಳೂರು, ಉಡುಪಿ ಸೀಮೆಯ ಕ್ರೈಸ್ತರ ಮನೆಗಳಲ್ಲಿ ಮಕ್ಕಳಿಗೆ ಹೂವಿನ ಚಿಂತೆ ಹತ್ತುತ್ತದೆ. ದಾಸವಾಳ, ಕೇಪುಳ, ಗೋರಂಟೆ, ಬೇಲಿಯ ಮೇಲಿನ ಹೆಸರಿಲ್ಲದ ಕಾಡು ಹೂವು, ಸಿಕ್ಕಿದ್ದೆಲ್ಲ ಬುಟ್ಟಿಗೆ ಬೀಳುತ್ತದೆ. ತಮ್ಮ ಅಂಗಳದಲ್ಲಿ ಸಾಲದಿದ್ದರೆ ಪಕ್ಕದ ಮನೆಯ ಅಂಗಳ ಇದ್ದೇ ಇದೆ; ಆ ದಿನಗಳಲ್ಲಿ ಹೂ ಕೊಯ್ದರೆ ಯಾರೂ ಗದರುವುದಿಲ್ಲ. ಮಳೆ ಪೂರ್ತಿ ಬಿಟ್ಟಿರುವುದಿಲ್ಲವಾದ್ದರಿಂದ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬುಟ್ಟಿ. ಇಗರ್ಜಿಯಲ್ಲಿ ಪೂಜೆ, ನೊವೆನಾ ಪ್ರಾರ್ಥನೆ ಮುಗಿದ ಮೇಲೆ ಬಾಲೆ ಮರಿಯಮ್ಮನ ಪುಟ್ಟ ಪ್ರತಿಮೆಯ ಮುಂದೆ ಮಕ್ಕಳ ಸಾಲು. ಕೊಂಕಣಿ ಹಾಡು ಶುರುವಾದೊಡನೆ ಹೂವಿನ ಎಸಳುಗಳು ಹಾರುತ್ತವೆ. ಅರ್ಧ ಪ್ರತಿಮೆಯ ಮೇಲೆ, ಅರ್ಧ ಮುಂದೆ ನಿಂತವನ ತಲೆಯ ಮೇಲೆ.

ಹೀಗೆ ಒಂಬತ್ತು ದಿನ. ಸೆಪ್ಟೆಂಬರ್ 8ಕ್ಕೆ ಹಬ್ಬ. ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬವೆಂದು ಜಗತ್ತಿನ ಕಥೊಲಿಕರೆಲ್ಲ ನೆನೆಯುವ ಈ ದಿನವನ್ನು ಕರಾವಳಿಯ ಕೊಂಕಣಿ ಕ್ರೈಸ್ತರು ಮೊಂತಿ ಫೆಸ್ತ್ ಎನ್ನುತ್ತಾರೆ, ಕನ್ನಡದ ಪತ್ರಿಕೆಗಳು ತೆನೆ ಹಬ್ಬ ಎಂದು ಬರೆಯುತ್ತವೆ. ಕ್ರಿಸ್ಮಸ್ಸಿನಷ್ಟು ಸದ್ದು ಇದಕ್ಕಿಲ್ಲ. ನಕ್ಷತ್ರದ ಬುಟ್ಟಿ, ಕೇಕು, ಪಟಾಕಿ ಯಾವುದೂ ಬೇಡದ ಹಬ್ಬ. ಆದರೆ ಕರಾವಳಿಯ ಕ್ರೈಸ್ತ ಮನೆಯೊಂದು ದಿನನಿತ್ಯ ಹೇಗೆ ನಂಬುತ್ತದೆ, ಯಾವುದನ್ನು ನೆಚ್ಚಿ ಬದುಕುತ್ತದೆ ಎಂದು ನೋಡಬೇಕಿದ್ದರೆ ಕ್ರಿಸ್ಮಸ್ಸಿಗಿಂತ ಈ ದಿನವೇ ಮೇಲು.

ಹಬ್ಬದ ಬೆಳಗ್ಗೆ ಹೊಸ ಭತ್ತದ ಕದಿರುಗಳನ್ನು ಇಗರ್ಜಿಯ ಹೊರಗೆ, ಶಿಲುಬೆಯ ಬಳಿಯಲ್ಲೋ ಮರಿಯಮ್ಮನ ಗವಿಯ ಬಳಿಯಲ್ಲೋ ರಾಶಿ ಹಾಕಿ ಪಾದ್ರಿಗಳು ಆಶೀರ್ವದಿಸುತ್ತಾರೆ. ಆಮೇಲೆ ಮೆರವಣಿಗೆಯಲ್ಲಿ ಒಳಗೆ ತಂದು ಬಲಿಪೀಠದ ಹತ್ತಿರ ಇಡುತ್ತಾರೆ. ಪೂಜೆ ಮುಗಿದ ಮೇಲೆ ಮನೆಗೊಂದು ಹಿಡಿಯಂತೆ ಕದಿರು, ಒಂಬತ್ತು ದಿನ ಹೂ ತಂದ ಮಕ್ಕಳಿಗೆ ಕಬ್ಬು. ಕಬ್ಬಿನ ಸರದಿಯಲ್ಲಿ ಮೆರವಣಿಗೆಯ ಶಿಸ್ತು ಉಳಿಯುವುದಿಲ್ಲ. ಉಳಿಯಬೇಕೆಂದು ಯಾರೂ ಬಯಸುವುದೂ ಇಲ್ಲ.

ಹಬ್ಬದ ನಿಜವಾದ ಕಾರ್ಯ ನಡೆಯುವುದು ಮನೆಯಲ್ಲಿ. ತಂದ ಕದಿರನ್ನು ಮೊದಲು ದೇವರ ಪೀಠದ ಮೇಲಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ. ಕೆಲವು ಕಾಳು ಬಿಡಿಸಿ, ಸಿಪ್ಪೆ ತೆಗೆದು, ಕುಟ್ಟಿ ಪುಡಿ ಮಾಡಿ ಹಾಲಿಗೋ ತೆಂಗಿನಹಾಲಿನ ಪಾಯಸಕ್ಕೋ ಬೆರೆಸುತ್ತಾರೆ. ಇದೇ ನೊವೆಂ, ಹೊಸತು. ಮನೆಯವರೆಲ್ಲ ಪೀಠದ ಮುಂದೆ ಸೇರಿ ಪ್ರಾರ್ಥಿಸುತ್ತಾರೆ. ತೀರಿಕೊಂಡವರ ಹೆಸರು ಅಲ್ಲಿ ಬರುತ್ತದೆ, ಊರಲ್ಲಿಲ್ಲದವರ ಹೆಸರೂ ಬರುತ್ತದೆ. ಪ್ರಾರ್ಥನೆ ಮುಗಿದ ಮೇಲೆ ಹಿರಿಯರು ಒಬ್ಬೊಬ್ಬರಿಗೂ ನೊವೆಂ ಹಂಚುತ್ತಾರೆ, ಕಿರಿಯರು ಅವರ ಮುಂದೆ ಕೈಜೋಡಿಸಿ ಬೆಸಾಂವ್, ಅಂದರೆ ಆಶೀರ್ವಾದ, ಬೇಡುತ್ತಾರೆ. ವರ್ಷವಿಡೀ ಮಾತು ಬಿಟ್ಟ ಅಣ್ಣತಮ್ಮಂದಿರು ಹಿರಿಯ ಮನೆಯ ಈ ಒಂದು ಚಮಚ ಪಾಯಸಕ್ಕಾಗಿ ಒಂದೇ ಚಾವಡಿಯಲ್ಲಿ ಕೂರಬೇಕಾಗುತ್ತದೆ. ಕೋರ್ಟು ಮಾಡಲಾಗದ ರಾಜಿಯನ್ನು ನೊವೆಂ ಮಾಡಿಸಿದ್ದುಂಟು, ಮಾಡಿಸದೆ ಹೋದದ್ದೂ ಉಂಟು.

ಇನ್ನು ಊಟ. ಮೀನಿಲ್ಲದೆ ತುತ್ತು ಇಳಿಯದ ಈ ಜನ ಅಂದು ಬಾಳೆ ಎಲೆಯ ಮೇಲೆ ಶುದ್ಧ ಸಸ್ಯಾಹಾರ ಉಣ್ಣುತ್ತಾರೆ. ಪಲ್ಯ, ಗಸಿಗಳ ಸಂಖ್ಯೆ ಮೂರು, ಐದು, ಏಳು, ಒಂಬತ್ತು, ಹೀಗೆ ಬೆಸವಾಗಿರಬೇಕು. ಬೆಂಡೆ, ಹೀರೆ, ಹಾಗಲ, ಸೌತೆ, ಅಲಸಂಡೆ, ಹರಿವೆ, ಕೆಸುವಿನ ದಂಟಿಗೆ ಹುಳಿ ಕೊಡಲು ಅಂಬಟೆ. ಕೊನೆಗೆ ಹೆಸರುಬೇಳೆಯ ಪಾಯಸ. ಪಟ್ಟಿ ನೋಡಿದರೆ ಗೊತ್ತಾಗುತ್ತದೆ, ಇದೆಲ್ಲ ಮಳೆಗಾಲದಲ್ಲಿ ಮನೆಯ ಹಿತ್ತಿಲೇ ಕೊಡುವ ತರಕಾರಿ. ಕೆಸುವಿನ ದಂಟು ಮತ್ತು ಅಂಬಟೆಯ ಆ ಒಂದು ಮೇಲೋಗರಕ್ಕೆ ಯಾವ ಔತಣದ ಬಿರಿಯಾನಿಯೂ ಸಮವಲ್ಲ ಎಂಬುದು ನನ್ನ ತೀರ್ಪು. ಈಗ ನಗರದಲ್ಲಿ ಹಬ್ಬದ ಊಟ ಕೇಟರಿಂಗಿನವರ ಡಬ್ಬಿಯಲ್ಲಿ ಬರುತ್ತದೆ. ಒಂಬತ್ತು ಬಗೆಯೂ ಅದರಲ್ಲಿ ಇರುತ್ತವೆ, ಎಲ್ಲದಕ್ಕೂ ಒಂದೇ ರುಚಿ.

ಈ ಆಚರಣೆಯ ಬೇರು ಮಂಗಳೂರಿನಿಂದ ಬಿ.ಸಿ. ರೋಡ್ ಕಡೆ ಹೋಗುವ ಹಾದಿಯಲ್ಲಿ, ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿದೆ. ಅಲ್ಲಿನ ಗುಡ್ಡದ ಮೇಲಿನ ಮೊಂತೆ ಮರಿಯಾನೊ ಇಗರ್ಜಿಯಿಂದಲೇ ಹಬ್ಬಕ್ಕೆ ಮೊಂತಿ ಎಂಬ ಹೆಸರು. ಗೋವಾ ಮೂಲದ ಪಾದ್ರಿ ಜೋಕಿಂ ಮಿರಾಂದಾ 1763ರಲ್ಲಿ ಇಲ್ಲಿ ಇದನ್ನು ಆರಂಭಿಸಿದರೆಂದು ಸಮುದಾಯ ನೆನೆಯುತ್ತದೆ. ಹೈದರಾಲಿ ಮಂಗಳೂರನ್ನು ಹಿಡಿದ ವರ್ಷವೂ ಅದೇ. ಇಪ್ಪತ್ತೊಂದು ವರ್ಷ ಕಳೆದು 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಊರು, ಗದ್ದೆ, ಇಗರ್ಜಿ ಎಲ್ಲ ಹೋಯಿತು. 1799ರಲ್ಲಿ ಟಿಪ್ಪು ಮಡಿದ ನಂತರ ಉಳಿದವರು ಹಿಂದಿರುಗಿ ಗದ್ದೆಗಿಳಿದರು, ಮತ್ತೆ ಕದಿರು ಕೊಯ್ದರು. ಹಬ್ಬದ ಪ್ರವಚನಗಳಲ್ಲಿ ಸೆರೆಯ ಕತೆ ಪ್ರತಿವರ್ಷ ಬರಬೇಕೆಂದೇನಿಲ್ಲ. ಹದಿನೈದು ವರ್ಷ ಬಿತ್ತನೆಯನ್ನೇ ಕಾಣದವರ ಮೊಮ್ಮಕ್ಕಳಿಗೆ ಹೊಸ ಅಕ್ಕಿಯ ಬೆಲೆ ಗೊತ್ತಿತ್ತು ಎಂಬುದನ್ನು ಮಾತ್ರ ನೆನಪಿಡಬೇಕು.

ಪಾದ್ರಿಗಳು ಆರಂಭಿಸಿದರೆಂದ ಮಾತ್ರಕ್ಕೆ ಕದಿರು ಹೊರಗಿನಿಂದ ಬಂದದ್ದಲ್ಲ. ತುಳುನಾಡಿನವರು ಕೊರಲ್ ಪರ್ಬದಂದು ಕದಿರನ್ನು ಮಾವು, ಹಲಸಿನ ಎಲೆಗಳಲ್ಲಿ ಸುತ್ತಿ ಬಾಗಿಲಿಗೆ, ಕಂಬಕ್ಕೆ, ನೇಗಿಲಿಗೆ ಕಟ್ಟಿ ಮನೆ ತುಂಬಿಸಿಕೊಳ್ಳುತ್ತಾರೆ. ಕೊಡಗಿನಲ್ಲಿ ಪುತ್ತರಿ, ಮಲೆನಾಡಿನಲ್ಲಿ ಹೊಸತು. ಹೊಸ ಅಕ್ಕಿಯನ್ನು ದೇವರಿಗೆ ತೋರಿಸದೆ ಉಣ್ಣಬಾರದೆಂಬ ಈ ನೆಲದ ಕಟ್ಟಳೆ ಇಗರ್ಜಿಯೊಳಗೂ ನಡೆದು ಬಂತು. ಅಲ್ಲಿ ಅದಕ್ಕೆ ಜಾಗವೂ ಸಿದ್ಧವಿತ್ತು. ಸುಗ್ಗಿಯ ಮೊದಲ ಸಿವುಡನ್ನು ಯಾಜಕನ ಬಳಿ ತರಬೇಕೆಂಬ ವಿಧಿ ಬೈಬಲಿನ ಯಾಜಕಕಾಂಡದಲ್ಲಿದೆ. ಮರಿಯಮ್ಮನ ಜನನದ ಕತೆಯಾದರೋ ಬೈಬಲಿನಲ್ಲಿ ಇಲ್ಲವೇ ಇಲ್ಲ. ಜೋಕಿಂ ಮತ್ತು ಅನ್ನಮ್ಮ ಎಂಬ ಮುದಿ ದಂಪತಿಗೆ ಬಹುಕಾಲದ ಹಂಬಲದ ನಂತರ ಹುಟ್ಟಿದ ಹೆಣ್ಣುಮಗುವೆಂಬ ಕತೆ ಎರಡನೆಯ ಶತಮಾನದ, ಬೈಬಲಿಗೆ ಸೇರದ ಬರಹವೊಂದರಿಂದ ಬಂದದ್ದು. ಭಾರತದ ಕಥೊಲಿಕ ಧರ್ಮಸಭೆ ಇದೇ ದಿನವನ್ನು ಹೆಣ್ಣುಮಗುವಿನ ದಿನವನ್ನಾಗಿಯೂ ಆಚರಿಸುತ್ತದೆ. ಒಂಬತ್ತು ದಿನ ಊರಿನ ಗಂಡುಹುಡುಗರೆಲ್ಲ ಒಂದು ಹೆಣ್ಣುಕೂಸಿಗೆ ಹೂವೆರಚುವ ಪದ್ಧತಿಗೆ ಬೇರೆ ವ್ಯಾಖ್ಯಾನ ಬೇಕಾಗಿಲ್ಲ.

ಈ ಹಬ್ಬದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಅದರ ಕಾಲ. ಕರಾವಳಿಯ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಸೆಪ್ಟೆಂಬರಿನ ಮೊದಲ ವಾರದಲ್ಲಿ ಕೊಯ್ಲಿಗೆ ಬಂದಿರುವುದಿಲ್ಲ. ಬೇಗ ಬಿತ್ತಿದ ಗದ್ದೆಯಲ್ಲಿ ಕಾಳು ಕಟ್ಟಿರುತ್ತದೆ, ಉಳಿದ ಕಡೆ ಇನ್ನೂ ಹಾಲು ತುಂಬುವ ಹೊತ್ತು. ಕೊನೆಯ ಮಳೆ ಮಲಗಿಸಬಹುದು, ಹುಳ ಬೀಳಬಹುದು, ನವಿಲು ಹಂದಿಗಳು ಇದ್ದೇ ಇವೆ. ಕಣಜ ತುಂಬಿದ ಮೇಲೆ ಕೃತಜ್ಞತೆ ಹೇಳುವುದು ಸುಲಭ. ಇವರು ಹಿಡಿ ಕದಿರು ಕೈಗೆ ಬಂದೊಡನೆ, ಉಳಿದದ್ದೆಲ್ಲ ಗದ್ದೆಯಲ್ಲಿ ನಿಂತಿರುವಾಗಲೇ ಹೇಳಿಬಿಡುತ್ತಾರೆ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿನೈದನೆಯ ಅಧ್ಯಾಯದಲ್ಲಿ ಪುನರುತ್ಥಾನಗೊಂಡ ಕ್ರಿಸ್ತನನ್ನು ಪ್ರಥಮಫಲವೆಂದು ಕರೆಯುತ್ತಾನೆ: ಮೊದಲ ಕಾಳು ಬಂತು, ಉಳಿದ ಬೆಳೆಯೂ ಬಂದೇ ಬರುತ್ತದೆ ಎಂಬ ಭರವಸೆ. ಗದ್ದೆಗೆ ಇಳಿದವರಿಗೆ ಆ ಮಾತು ತಿಳಿಯಲು ದೇವಶಾಸ್ತ್ರದ ಪದವಿ ಬೇಡ.

ತೊಂದರೆಯೆಂದರೆ, ಗದ್ದೆಗೆ ಇಳಿಯುವವರೇ ಕಡಿಮೆಯಾಗಿದ್ದಾರೆ. ಕರಾವಳಿಯ ಗದ್ದೆಗಳು ಅಡಿಕೆ ತೋಟಗಳಾಗಿವೆ, ಬಡಾವಣೆಗಳಾಗಿವೆ, ಕೆಲವು ಹಡಿಲು ಬಿದ್ದಿವೆ. ಹಿಂದೆ ಚರ್ಚಿನ ಒಕ್ಕಲಿನಲ್ಲೇ ಯಾರಾದರೊಬ್ಬರ ಗದ್ದೆಯಿಂದ ಕದಿರು ಬರುತ್ತಿತ್ತು. ಈಗ ಎಷ್ಟೋ ಇಗರ್ಜಿಗಳು ದೂರದ ರೈತರನ್ನು ಮೊದಲೇ ಹುಡುಕಿ ಗೊತ್ತುಮಾಡಬೇಕು. ಕೆಲವು ಚರ್ಚುಗಳ ಯುವಜನರು ಹಡಿಲು ಗದ್ದೆ ಹಿಡಿದು ತಾವೇ ನೇಜಿ ನೆಟ್ಟು ಬೆಳೆಸುತ್ತಿದ್ದಾರೆ. ಮೊದಲ ವರ್ಷ ಅದು ಫೋಟೊ ತೆಗೆಸಿಕೊಳ್ಳುವ ಉತ್ಸಾಹವಿದ್ದೀತು. ಎರಡನೆಯ ವರ್ಷವೂ ಕೆಸರಿಗೆ ಇಳಿದವರನ್ನು ಮೆಚ್ಚಲೇಬೇಕು.

ಅದೇ ಸೆಪ್ಟೆಂಬರ್ 8ರಂದು ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾದ ಸುತ್ತ ಕಾವಿ ಉಟ್ಟ ಹರಕೆಯವರ ನಡುವೆ ತೇರು ಸಾಗುತ್ತದೆ, ತಮಿಳುನಾಡಿನ ವೇಲಂಕಣಿಯಲ್ಲಿ ಜನಜಾತ್ರೆ. ಅವು ಬೀದಿಯ ಹಬ್ಬಗಳು, ಮೊಂತಿ ಮನೆಯದು. ಆದ್ದರಿಂದಲೇ ಅದು ಮನೆಯವರ ಜೊತೆ ಊರು ಬಿಟ್ಟು ಹೋಗಬಲ್ಲದು. ಮುಂಬಯಿ, ದುಬೈ, ಕುವೈತ್‌ಗಳಲ್ಲಿ ನೆಲೆಸಿದ ಮಕ್ಕಳಿಗೆ ತಾಯಂದಿರು ಆಶೀರ್ವದಿಸಿದ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳಿಸುತ್ತಾರೆ. ಅಲ್ಲಿ ಮಿಕ್ಸಿಯಲ್ಲಿ ಪುಡಿಯಾದರೂ ಅದು ನೊವೆಂ.

ಕರಾವಳಿಯಲ್ಲಿ ನಿಮಗೊಬ್ಬ ಕ್ರೈಸ್ತ ಗೆಳೆಯನಿದ್ದು ಸೆಪ್ಟೆಂಬರ್ 8ಕ್ಕೆ ಊಟಕ್ಕೆ ಕರೆದರೆ ತಪ್ಪಿಸಬೇಡಿ. ಮಧ್ಯಾಹ್ನಕ್ಕೆ ಮೊದಲೇ ಹೋಗಿ, ನೊವೆಂ ಹಂಚುವಾಗ ನೀವೂ ಅಲ್ಲಿರಬೇಕು. ಕೈಯಲ್ಲಿ ಸಿಹಿಯ ಪೊಟ್ಟಣ ಬೇಡ; ಹಿತ್ತಿಲಲ್ಲಿ ಬೆಂಡೆಯೋ ಹೀರೆಯೋ ಬಿಟ್ಟಿದ್ದರೆ ಅದನ್ನೇ ಒಯ್ಯಿರಿ.