ಮುದ್ದಿನ ಮೊಲ ದಪ್ಪಗಾಗುತ್ತಿದೆಯೇ? ಉಪವಾಸ ಮದ್ದಲ್ಲ

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆ ಹಠಮಾರಿಗಳನ್ನು ಕುರಿತದ್ದು. ಮನೆಯಲ್ಲಿ ಮೊಲ ಸಾಕಿದವರಲ್ಲಿಯೂ ಅಂಥದೊಂದು ಹಠ ಬೇರೂರಿದೆ. ಮೊಲವೆಂದರೆ ಕ್ಯಾರೆಟ್ ತಿನ್ನುವ ಪ್ರಾಣಿ ಎಂಬುದೇ ಆ ಹಠ. ವ್ಯಂಗ್ಯಚಿತ್ರಗಳೂ ಮಕ್ಕಳ ಪುಸ್ತಕಗಳೂ ಬೆಳೆಸಿದ ಈ ನಂಬಿಕೆಯಿಂದಾಗಿ ಎಷ್ಟೋ ಸಾಕುಮೊಲಗಳು ಬೆಳಿಗ್ಗೆ ಕ್ಯಾರೆಟ್, ಮಧ್ಯಾಹ್ನ ಬಿಸ್ಕತ್ತು, ಸಂಜೆ ಚಪಾತಿ ಚೂರು ತಿಂದು ಪಂಜರದ ಮೂಲೆಯಲ್ಲಿ ಉಂಡೆಯಾಗಿ ಕೂರುತ್ತವೆ. ನೋಡಲು ಮುದ್ದಾಗಿರುವ ಈ ದುಂಡುತನ ಆರೋಗ್ಯದ ಲಕ್ಷಣವಲ್ಲ. ಅದನ್ನು ಕರಗಿಸಲೆಂದು ದಿಢೀರನೆ ಆಹಾರ ನಿಲ್ಲಿಸುವುದಂತೂ ಮೊಲದ ಪ್ರಾಣಕ್ಕೇ ಸಂಚಕಾರ.

ಹುಲ್ಲಿಗೆ ಒಗ್ಗಿದ ಹೊಟ್ಟೆ

ಸಾಕುಮೊಲದ ಮೂಲ ನೆಲೆ ಇಂದಿನ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ಹುಲ್ಲುಗಾವಲು. ನಮ್ಮ ಹೊಲದ ಬದುಗಳಲ್ಲಿ ಕಾಣುವ ಕಾಡುಮೊಲ ಬೇರೆಯೇ ಪ್ರಭೇದ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ ಅದನ್ನು ಹಿಡಿದು ಸಾಕುವಂತಿಲ್ಲ.

ಪೌಷ್ಟಿಕಾಂಶ ಕಡಿಮೆಯಿರುವ ಒರಟು ಹುಲ್ಲನ್ನೇ ದಿನವಿಡೀ ಮೇಯುವಂತೆ ಸಾಕುಮೊಲದ ದೇಹ ರೂಪುಗೊಂಡಿದೆ. ಮುಂಬಾಚಿ ಹಲ್ಲುಗಳು ವಾರಕ್ಕೆ ಸುಮಾರು 2 ಮಿ.ಮೀ.ನಂತೆ ಜೀವನಪರ್ಯಂತ ಬೆಳೆಯುತ್ತವೆ. ದವಡೆ ಹಲ್ಲುಗಳೂ ಬೆಳೆಯುತ್ತಲೇ ಇರುತ್ತವೆ. ಅವು ಸವೆಯಲು ಹುಲ್ಲು ಅಗೆಯಲೇಬೇಕು. ಕರುಳು ಸದಾ ಚಲಿಸುತ್ತಿರಲು ನಾರಿನಂಶ ಬೇಕು. ಕುರುಡು ಕರುಳೆಂದು ಕರೆಯುವ ದೊಡ್ಡ ಚೀಲದಲ್ಲಿ ಸೂಕ್ಷ್ಮಜೀವಿಗಳು ಆಹಾರವನ್ನು ಹುದುಗಿಸಿ ಮೃದುವಾದ ಹಿಕ್ಕೆಯನ್ನು ಸಿದ್ಧಪಡಿಸುತ್ತವೆ. ಮೊಲ ಅದನ್ನು ಗುದದಿಂದಲೇ ನೇರವಾಗಿ ತಿಂದು ಜೀವಸತ್ವಗಳನ್ನು ಪಡೆಯುತ್ತದೆ. ಅಸಹ್ಯವೆನಿಸಿದರೂ ಇದು ಸಹಜ ಕ್ರಿಯೆ.

ಬೊಜ್ಜು ಬೆಳೆದ ಮೊಲ ಹೀಗೆ ಬಾಗಿ ಹಿಂಭಾಗವನ್ನು ತಲುಪಲಾರದು. ಮೃದು ಹಿಕ್ಕೆ ಬಾಲದ ಬುಡದಲ್ಲಿ ಅಂಟಿಕೊಳ್ಳುತ್ತದೆ, ನೊಣ ಮೊಟ್ಟೆಯಿಟ್ಟು ಹುಳು ಬೀಳುತ್ತದೆ. ಭಾರ ತಾಳದೆ ಹಿಂಗಾಲಿನ ಅಡಿಭಾಗ ಹುಣ್ಣಾಗುತ್ತದೆ. ಪಂಜರದ ತಳ ತಂತಿಯದಾಗಿದ್ದರೆ ಈ ಅಪಾಯ ಇನ್ನೂ ಹೆಚ್ಚು.

ತೂಕ ತಿಳಿಯುವುದು ಹೇಗೆ?

‘ಮೊಲ ಇಷ್ಟೇ ತೂಗಬೇಕು’ ಎಂಬ ಒಂದೇ ಲೆಕ್ಕ ಇಲ್ಲ. ನೆದರ್ಲೆಂಡ್ ಡ್ವಾರ್ಫ್ ತಳಿಯ ಮೊಲ ಸುಮಾರು 1 ಕೆ.ಜಿ. ತೂಗಿದರೆ, ನ್ಯೂಜಿಲೆಂಡ್ ವೈಟ್ ತಳಿಯದು 4ರಿಂದ 5 ಕೆ.ಜಿ. ತೂಗುತ್ತದೆ. ಆದ್ದರಿಂದ ತಕ್ಕಡಿಗಿಂತ ಮೊದಲು ಕೈಯಿಂದ ಪರೀಕ್ಷಿಸಬೇಕು. ಪಕ್ಕೆಲುಬಿನ ಮೇಲೆ ಮೃದುವಾಗಿ ಬೆರಳಾಡಿಸಿದಾಗ, ತೆಳುಬಟ್ಟೆಯ ಕೆಳಗೆ ಸಾಲಾಗಿಟ್ಟ ಪೆನ್ಸಿಲುಗಳಂತೆ ಎಲುಬುಗಳು ಒಂದೊಂದಾಗಿ ಕೈಗೆ ತಾಗಿದರೆ ತೂಕ ಸರಿಯಾಗಿದೆ. ಒತ್ತಿದರೂ ಸಿಗದಿದ್ದರೆ ಬೊಜ್ಜು ಬಂದಿದೆ; ಮುಟ್ಟಿದೊಡನೆ ಚೂಪಾಗಿ ಚುಚ್ಚಿದರೆ ಮೊಲ ಸೊರಗಿದೆ. ಹೆಣ್ಣುಮೊಲದ ಗಂಟಲ ಕೆಳಗೆ ಹಸುವಿನ ಗಂಗೆದೊಗಲನ್ನು ಹೋಲುವ ಮಡಿಕೆ ಸಹಜವಾಗಿಯೇ ಇರುತ್ತದೆ. ಅದಷ್ಟನ್ನೇ ನೋಡಿ ಬೊಜ್ಜೆಂದು ತೀರ್ಮಾನಿಸಬಾರದು.

ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡುವುದು ಒಳ್ಳೆಯದು. ಮೊಲವನ್ನು ಅಗಲವಾದ ಬುಟ್ಟಿಯಲ್ಲಿ ಕೂರಿಸಿ ತೂಗಿ, ಬುಟ್ಟಿಯ ತೂಕ ಕಳೆದರೆ ಸಾಕು.

ತಟ್ಟೆಯಲ್ಲಿ ಏನಿರಬೇಕು?

ಆಹಾರದ ಶೇ. 80ಕ್ಕಿಂತ ಹೆಚ್ಚು ಭಾಗ ಹುಲ್ಲೇ ಆಗಿರಬೇಕು. ದಿನಕ್ಕೆ ಕನಿಷ್ಠ ಮೊಲದ ಗಾತ್ರದಷ್ಟು ಒಣಹುಲ್ಲು ಅದರ ಮುಂದಿರಬೇಕು, ಇದಕ್ಕೆ ಮಿತಿಯಿಲ್ಲ. ಅಂಗಡಿಗಳಲ್ಲಿ ಸಿಗುವ ತಿಮೋತಿ ಹುಲ್ಲು ದುಬಾರಿಯೆನಿಸಿದರೆ ಗರಿಕೆಯಂಥ ಹಸಿಹುಲ್ಲನ್ನು ತೊಳೆದು ಕೊಡಬಹುದು. ಕೀಟನಾಶಕ ಸಿಂಪಡಿಸಿದ ಜಾಗದ ಹಾಗೂ ರಸ್ತೆಬದಿಯ ಹುಲ್ಲು ಬೇಡ. ಕುದುರೆ ಮೆಂತೆ ಸೊಪ್ಪಿನಲ್ಲಿ ಪ್ರೋಟೀನ್ ಮತ್ತು ಸುಣ್ಣದಂಶ ಅಧಿಕ. ಅದು ಬೆಳೆಯುವ ಮರಿಗಳಿಗೆ ಸೂಕ್ತವೇ ಹೊರತು ವಯಸ್ಕ ಮೊಲಕ್ಕೆ ನಿತ್ಯದ ಆಹಾರವಲ್ಲ.

ಇದರೊಂದಿಗೆ ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪುಗಳನ್ನು ಬದಲಿಸುತ್ತ ದಿನಕ್ಕೊಂದು ಹಿಡಿ ನೀಡಬಹುದು. ಪೆಲೆಟ್ ಆಹಾರ ವಯಸ್ಕ ಮೊಲದ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 25 ಗ್ರಾಂ ಮೀರಬಾರದು. ಅಂದರೆ 2 ಕೆ.ಜಿ. ಮೊಲಕ್ಕೆ ಹೆಚ್ಚೆಂದರೆ 50 ಗ್ರಾಂ. ಬಟ್ಟಲು ಖಾಲಿಯಾದಾಗಲೆಲ್ಲ ತುಂಬಿಸುವ ಅಭ್ಯಾಸವೇ ಬೊಜ್ಜಿನ ಮುಖ್ಯ ಕಾರಣಗಳಲ್ಲಿ ಒಂದು. ಸಕ್ಕರೆಯಂಶ ಹೆಚ್ಚಿರುವ ಕ್ಯಾರೆಟ್ ಮತ್ತು ಹಣ್ಣು ವಾರಕ್ಕೆ ಒಂದೆರಡು ಬಾರಿ ಹೆಬ್ಬೆರಳ ತುದಿಯಷ್ಟಿದ್ದರೆ ಸಾಕು. ಅನ್ನ, ಬ್ರೆಡ್, ಬಿಸ್ಕತ್ತು, ಚಪಾತಿ ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ವಿಷಕ್ಕೆ ಸಮಾನ.

ಓಡಾಟವೂ ಅಗತ್ಯ

ಮುಂಜಾನೆ ಮತ್ತು ಮುಸ್ಸಂಜೆ ಮೊಲ ಚುರುಕಾಗಿರುವ ಹೊತ್ತು. ಆಗ ಪಂಜರದಿಂದ ಹೊರಬಿಟ್ಟು ದಿನಕ್ಕೆ ನಾಲ್ಕಾರು ಗಂಟೆ ಓಡಾಡಲು ಅವಕಾಶ ನೀಡಬೇಕು. ನುಣುಪಾದ ಟೈಲ್ಸ್ ಅಥವಾ ಗ್ರಾನೈಟ್ ನೆಲದ ಮೇಲೆ ಮೊಲದ ಕಾಲು ಜಾರುವುದರಿಂದ ಅದು ಓಡಲು ಹಿಂಜರಿಯುತ್ತದೆ. ಚಾಪೆ ಹಾಸಿದರೆ ಧೈರ್ಯವಾಗಿ ಜಿಗಿಯುತ್ತದೆ. ವಿದ್ಯುತ್ ತಂತಿಗಳನ್ನು ಅದರ ಬಾಯಿಗೆ ಎಟುಕದಂತೆ ಇಡಬೇಕು. ಬೇಸಿಗೆಯ ಮಧ್ಯಾಹ್ನ ಓಡಿಸುವುದು ಸಲ್ಲದು, ಮೊಲ ಸೆಕೆಯನ್ನು ತಾಳಲಾರದು.

ಲಂಘನ ಔಷಧವಲ್ಲ

‘ಲಂಘನವೇ ಪರಮೌಷಧ’ ಎಂಬ ಮಾತು ಮೊಲಕ್ಕೆ ಅನ್ವಯಿಸುವುದಿಲ್ಲ. ಆಹಾರ ನಿಂತೊಡನೆ ಅದರ ಕರುಳಿನ ಚಲನೆ ಕುಗ್ಗಿ ವಾಯು ತುಂಬುತ್ತದೆ. ನೋವಿನಿಂದ ಮೊಲ ಇನ್ನಷ್ಟು ಆಹಾರ ಬಿಡುತ್ತದೆ. ಬೊಜ್ಜಿರುವ ಮೊಲದಲ್ಲಿ ದೇಹದ ಕೊಬ್ಬು ಕರಗಿ ಯಕೃತ್ತಿನಲ್ಲಿ ಶೇಖರವಾಗುತ್ತದೆ, ಕೆಲವೇ ದಿನಗಳಲ್ಲಿ ಯಕೃತ್ತು ವಿಫಲವಾಗಬಹುದು. ದಪ್ಪಗಿರುವ ಮೊಲಕ್ಕೆ ಉಪವಾಸ ಹೆಚ್ಚು ಮಾರಕವಾಗುವುದು ಈ ಕಾರಣದಿಂದಲೇ.

ಆದುದರಿಂದ ಮೊದಲು ಕ್ಯಾರೆಟ್, ಬಿಸ್ಕತ್ತುಗಳನ್ನು ಬಿಡಿಸಬೇಕು. ಅನಂತರ ಎರಡು ಮೂರು ವಾರಗಳ ಅವಧಿಯಲ್ಲಿ ಪೆಲೆಟ್ ಪ್ರಮಾಣವನ್ನು ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಹುಲ್ಲನ್ನು ಮಾತ್ರ ಎಂದಿಗೂ ಕಡಿಮೆ ಮಾಡಬಾರದು. ವಾರಕ್ಕೆ ದೇಹತೂಕದ ಶೇ. 1ರ ಆಸುಪಾಸು ಇಳಿದರೆ ಸಾಕು, 3 ಕೆ.ಜಿ. ಮೊಲಕ್ಕೆ ಇದು 30 ಗ್ರಾಂ ಮಾತ್ರ. ಇಳಿಕೆ ನಿಧಾನವಾದಷ್ಟೂ ಕ್ಷೇಮ.

ಆಹಾರ ಬದಲಿಸದೆಯೇ ತೂಕ ಇಳಿಯುತ್ತಿದ್ದರೆ ಸಂತೋಷಪಡುವಂತಿಲ್ಲ. ಹಲ್ಲು ಅಡ್ಡಾದಿಡ್ಡಿ ಬೆಳೆದು ತಿನ್ನಲಾಗದಿರುವುದು ಅಥವಾ ಬೇರಾವುದೋ ಕಾಯಿಲೆ ಕಾರಣವಿರಬಹುದು. 12 ಗಂಟೆ ಏನನ್ನೂ ತಿನ್ನದಿದ್ದರೆ ಅಥವಾ ಹಿಕ್ಕೆ ಹಾಕದಿದ್ದರೆ ಬೆಳಗಾಗಲಿ ಎಂದು ಕಾಯದೆ ಪಶುವೈದ್ಯರಿಗೆ ತೋರಿಸಬೇಕು. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ ಮತ್ತು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಚಿಕಿತ್ಸಾಲಯಗಳಿವೆ. ಮೊಲಗಳಿಗೆ ಚಿಕಿತ್ಸೆ ನೀಡಿ ಅನುಭವವಿರುವ ವೈದ್ಯರು ಸಮೀಪದಲ್ಲಿ ಯಾರಿದ್ದಾರೆ, ರಾತ್ರಿ ವೇಳೆ ಲಭ್ಯರೇ ಎಂಬುದನ್ನು ಮೊಲ ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳುವುದು ಜಾಣತನ.