ಜಂತುಹುಳುವಿನ ವೇಷಾಂತರ ಮತ್ತು ನಮ್ಮ ದೇಹದ ಪ್ರತಿಕಾಯಗಳು

ದಡಾರವು ಒಮ್ಮೆ ಬಂದುಹೋದರೆ ಸಾಮಾನ್ಯವಾಗಿ ಮತ್ತೆ ಬಾರದು. ಆದರೆ ಗುಳಿಗೆ ನುಂಗಿ ಗುಣಹೊಂದಿದ ಮಗುವಿಗೆ ಕೆಲವೇ ತಿಂಗಳುಗಳಲ್ಲಿ ಜಂತುಹುಳುವಿನ ಬಾಧೆ ಮರುಕಳಿಸುವುದುಂಟು. ರಕ್ತದಲ್ಲಿ ಪ್ರತಿಕಾಯಗಳಿದ್ದರೂ ಹೀಗಾಗುವುದೇಕೆ?

ಉತ್ತರವು ಹುಳುವಿನ ಜೀವನಕ್ರಮದಲ್ಲಿದೆ. ಮಣ್ಣು ಮೆತ್ತಿದ ಕೈ ಅಥವಾ ತೊಳೆಯದ ಸೊಪ್ಪಿನ ಮೂಲಕ ದುಂಡುಹುಳುವಿನ ತತ್ತಿಗಳು ಹೊಟ್ಟೆ ಸೇರುತ್ತವೆ. ಕರುಳಿನಲ್ಲಿ ಹೊರಬಂದ ಮರಿಗಳು ಕರುಳಿನ ಗೋಡೆಯನ್ನು ಕೊರೆದು ರಕ್ತದೊಡನೆ ಯಕೃತ್ತಿಗೂ ಅಲ್ಲಿಂದ ಶ್ವಾಸಕೋಶಕ್ಕೂ ಸಾಗಿ, ಗಂಟಲಿಗೇರಿ, ನುಂಗಲ್ಪಟ್ಟು ಮರಳಿ ಕರುಳನ್ನು ಸೇರುತ್ತವೆ. ಜಪಾನಿನ ವೈದ್ಯ ಕೊಯಿನೊ 1922ರಲ್ಲಿ ಸ್ವತಃ 2000 ತತ್ತಿಗಳನ್ನು ನುಂಗಿ, ತಮ್ಮ ಕಫದಲ್ಲಿ ಮರಿಗಳನ್ನು ಕಂಡರು. ಬೆಳೆದ ಹೆಣ್ಣುಹುಳು ದಿನಕ್ಕೆ ಸುಮಾರು 2 ಲಕ್ಷ ತತ್ತಿಗಳನ್ನಿಡುತ್ತದೆ.

ಪ್ರತಿಕಾಯವು ತನಗೆ ಹೊಂದುವ ಗುರುತು ಸಿಕ್ಕಲ್ಲಿ ಮಾತ್ರ ಅಂಟಿಕೊಳ್ಳುತ್ತದೆ. ಅಂಗಾಂಶಗಳಲ್ಲಿ ಅಲೆಯುವ ಮರಿಯ ಮೈಗೆ ಅದು ಅಂಟಿದಾಗ ಇಯೊಸಿನೊಫಿಲ್ ಎಂಬ ಬಿಳಿಯ ರಕ್ತಕಣಗಳು ಮುತ್ತಿಕೊಂಡು ವಿಷದ್ರವ್ಯಗಳನ್ನು ಸುರಿಯುತ್ತವೆ. ಆದರೆ ಮರಿಯು ಬೆಳೆಯುತ್ತ ಪೊರೆ ಕಳಚುತ್ತದೆ. ಹೊಸ ಪೊರೆಯ ಗುರುತುಗಳೇ ಬೇರೆ. ಬ್ಯಾಂಕಿನಲ್ಲಿ ಹಳೆಯ ಸಹಿಯ ಮಾದರಿಯನ್ನಿಟ್ಟುಕೊಂಡು ಹೊಸ ಸಹಿಯ ಚೆಕ್ಕನ್ನು ಪರಿಶೀಲಿಸಿದಂತೆಯೇ ಇದು. ಟ್ರೈಕಿನೆಲ್ಲಾ ಎಂಬ ಹುಳುವಿನ ಒಂದೊಂದು ಘಟ್ಟದಲ್ಲಿಯೂ ಮೇಲ್ಮೈಯ ಪ್ರೋಟೀನುಗಳು ಬದಲಾಗುವುದನ್ನು ಫಿಲಿಪ್, ಪಾರ್ಕ್‌ಹೌಸ್ ಮತ್ತು ಓಗಿಲ್ವಿ 1980ರಲ್ಲಿ ತೋರಿಸಿದರು. ನಾಯಿಯ ಟಾಕ್ಸೊಕಾರಾ ಹುಳುವಿನ ಮರಿಯಂತೂ ಅಂಟಿದ ಪ್ರತಿಕಾಯಗಳ ಸಮೇತ ತನ್ನ ಮೇಲ್ಪದರವನ್ನೇ ಕಳಚಿ ಜಾರಿಕೊಳ್ಳಬಲ್ಲದು. ಕರುಳಿನ ಟೊಳ್ಳಿನಲ್ಲಿ ವಾಸಿಸುವ, 15ರಿಂದ 35 ಸೆಂಟಿಮೀಟರ್ ಉದ್ದದ ಪ್ರೌಢ ದುಂಡುಹುಳುವಿನ ಮೇಲೆ ಆ ರಕ್ತಕಣಗಳ ಆಟ ಅಷ್ಟಾಗಿ ಸಾಗದು.

ಇದರಿಂದ ಗೃಹಸ್ಥರು ಅರಿಯಬೇಕಾದುದು ಬಹಳವಿದೆ. ಪ್ರತಿಕಾಯಗಳು ಹುಳು ಹೋದ ಮೇಲೂ ಉಳಿಯುವುದರಿಂದ ರಕ್ತಪರೀಕ್ಷೆಯೊಂದರಿಂದಲೇ ಹುಳು ಈಗಲೂ ಇದೆಯೆಂದು ಹೇಳಲಾಗದು. ಮಲದಲ್ಲಿ ತತ್ತಿಗಳನ್ನು ಹುಡುಕುವುದೇ ರೂಢಿ. ಆದರೆ ಮರಿಗಳು ಶ್ವಾಸಕೋಶದಲ್ಲಿದ್ದು ಮಗು ಕೆಮ್ಮುತ್ತಿರುವಾಗ ಮಲದಲ್ಲಿ ತತ್ತಿ ಕಾಣದಿರಬಹುದು. ತತ್ತಿ ಹೊಟ್ಟೆ ಸೇರಿ, ಹುಳು ಬೆಳೆದು ತತ್ತಿಯಿಡಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಆದ್ದರಿಂದ ಒಂದು ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದು ನಿಶ್ಚಿಂತರಾಗದೆ ವೈದ್ಯರ ಸಲಹೆ ಪಡೆಯುವುದು ಒಳಿತು.

2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಗುಳಿಗೆಯನ್ನು ಕೊಡಲಾಗುತ್ತದೆ. ಅದು ಕರುಳಿನ ಹುಳುಗಳನ್ನು ನಿವಾರಿಸೀತು, ಮಣ್ಣಿನಲ್ಲುಳಿದ ತತ್ತಿಗಳನ್ನಲ್ಲ. ಕಳವಾದ ಚಾಳಿನಲ್ಲಿರಲಿ, ರಜೆಗೆಂದು ಹೋದ ಊರಿನ ತೋಟದಲ್ಲಿರಲಿ, ಶೌಚಾಲಯದ ಬಳಕೆ, ಊಟಕ್ಕೆ ಮುನ್ನ ಸಾಬೂನಿನಿಂದ ಕೈತೊಳೆಯುವುದು, ಕಾಲಿಗೆ ಚಪ್ಪಲಿ, ಇವೇ ಶಾಶ್ವತ ರಕ್ಷೆ. ಬರಿಗಾಲಿನ ಚರ್ಮದ ಮೂಲಕವೇ ಒಳನುಗ್ಗುವ ಕೊಕ್ಕೆಹುಳುವಿನ ಮರಿಗೆ ಚಪ್ಪಲಿಯೇ ಮೊದಲ ತಡೆ. ವೇಷ ಬದಲಿಸುವ ಶತ್ರುವನ್ನು ಹೊಸಿಲಿನ ಹೊರಗೇ ನಿಲ್ಲಿಸುವುದು ಜಾಣತನ.